ಎದೆನೋವಿಗೆ ತಡ ಬ್ಯಾಡ್ರಿ



ಹೊಲದಾಗ ದುಡಿಯುವಾಗ ಎದೆ ಹಿಡಿದು, ಕುಂತರೆ ಇಳಿಯುವ ನೋವು ಒಂದು ಬಗೆ. ಸುಮ್ಮನೆ ಕುಂತಾಗಲೂ ಬರುವ, ದಿನದಿಂದ ದಿನಕ್ಕೆ ಹೆಚ್ಚಾಗುವ ನೋವು ಇನ್ನೊಂದು. ಇದಕ್ಕೆ ಡಾಕ್ಟರರು ಅನ್‌ಸ್ಟೇಬಲ್ ಆಂಜೈನಾ ಅಂತಾರೆ. ಹೃದಯಾಘಾತ ಬಾಗಿಲಿಗೆ ಬಂದು ನಿಂತ ಲಕ್ಷಣವಿದು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಬ್ಯಾಡ್ರಿ. ಕೂಡಲೇ 108ಕ್ಕೆ ಫೋನ್ ಮಾಡ್ರಿ.

ಆಂಜಿಯೋಪ್ಲಾಸ್ಟಿ ಅಂದರೆ ಎದೆ ಸೀಳುವುದಲ್ಲ. ಕೈ ಅಥವಾ ತೊಡೆಯ ರಕ್ತನಾಳದೊಳಗಿಂದ ಸಣ್ಣ ಬಲೂನು ಒಯ್ದು, ಕಿರಿದಾದ ಹೃದಯದ ನಾಳವನ್ನು ಅಗಲಿಸುತ್ತಾರೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಡಾ. ಗ್ರುಂಟ್ಸಿಗ್ ಇದನ್ನು ಮೊದಲು ಮಾಡಿದರು. ಬರೀ ಬಲೂನಿದ್ದ ಕಾಲಕ್ಕೆ 100ಕ್ಕೆ 30ಕ್ಕೂ ಹೆಚ್ಚು ಮಂದಿಗೆ ಆರು ತಿಂಗಳೊಳಗೆ ನಾಳ ಮತ್ತೆ ಕಿರಿದಾಗುತ್ತಿತ್ತು. ಔಷಧ ಲೇಪಿತ ಸ್ಟೆಂಟ್ ಬಂದ ಮೇಲೆ ಅದು ಬಹಳ ಇಳಿದಿದೆ. ಅಪಾಯ ಹೆಚ್ಚಿದ್ದವರಿಗೆ ಬೇಗ ಚಿಕಿತ್ಸೆಯಾದರೆ ಮುಂದಿನ ಹೃದಯಾಘಾತ ಕಡಿಮೆ.

ಆದರೆ ಸ್ಟೆಂಟ್ ಕೂಡುವುದು ಒಂದು ಜಾಗದಾಗ. ರೋಗ ಇರುವುದು ಎಲ್ಲಾ ನಾಳದಾಗ. ಆರಾಮಾಯಿತೆಂದು ಗುಳಿಗೆ ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು. ಡಾಕ್ಟರರು ಹೇಳುವತನಕ ಗುಳಿಗೆ ನಿಲ್ಲಿಸಬಾರದು. ಬೀಡಿ, ತಂಬಾಕು ಬಿಡಲೇಬೇಕು.

ಈ ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕೆಂದಿಲ್ಲ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. 2024ರ ಡಿಸೆಂಬರ್‌ನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಯಾಯಿತು. ಇನ್ನು ಖರ್ಚಿನ ಮಾತು. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತಿತ್ತು. 2023ರಿಂದ ಮತ್ತೆ ಜಾರಿಗೆ ಬಂತು. ಸಾಲ, ಗೊಬ್ಬರ ಕೇಳಲು ಸಂಘಕ್ಕೆ ಬಂದಾಗ ಯಶಸ್ವಿನಿ ನೋಂದಣಿಯನ್ನೂ ಕೇಳ್ರಿ. ನೋವು ಬಂದ ಮೇಲೆ ಕಾಗದ ಹುಡುಕುವ ಹೊತ್ತು ಇರುವುದಿಲ್ಲ.