ಸಾಫ್ಟ್‌ಬಾಲ್ ಬ್ಯಾಟಿನ ಬೀಸು: ಮಗುವಿನ ಮಾತಿನಲ್ಲಿ ಕಲಿಸುವ ಕ್ರಮ

(ಕೊಳತ್ತೂರು ಭಾಗದ ಕನ್ನಡ ಶಿಕ್ಷಕರಿಗಾಗಿ ಉಪನ್ಯಾಸ)



ಆಟದ ಮೈದಾನವೂ ಒಂದು ಭಾಷಾ ತರಗತಿಯೇ. ಕೊಳತ್ತೂರು ಭಾಗದ ಕನ್ನಡದ ಮಗು ಮನೆಯಲ್ಲಿ ಕನ್ನಡವನ್ನೂ ಅಂಗಡಿಬೀದಿಯಲ್ಲಿ ತಮಿಳನ್ನೂ ಆಡುತ್ತದೆ. ಮೈದಾನಕ್ಕೆ ಇಳಿದೊಡನೆ ಅದರ ಕಿವಿಗೆ ಬೀಳುವ ಸೂಚನೆಗಳು ಬಹುಪಾಲು ಇಂಗ್ಲಿಷಿನವು: 'ಲೋಡ್', 'ಹಿಪ್', 'ಫಾಲೋ ಥ್ರೂ'. ಅರ್ಥ ತಿಳಿಯದ ಮಗು ಪ್ರಶ್ನೆ ಕೇಳುವುದಿಲ್ಲ. ಪಕ್ಕದವರನ್ನು ನೋಡಿ ಅನುಕರಿಸುತ್ತದೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕೈ ಮತ್ತು ಬ್ಯಾಟು. ಆದ್ದರಿಂದ ಮಗು ಕೈಯಿಂದಲೇ ಹೊಡೆಯಲು ತೊಡಗುತ್ತದೆ. ಚೆಂಡು ದೂರ ಹೋಗದಿದ್ದಾಗ 'ಜೋರಾಗಿ ಹೊಡೆ' ಎಂಬ ಮಾತು ಬರುತ್ತದೆ. ಅದೂ ಫಲಿಸದಿದ್ದಾಗ 'ಇವಳಿಗೆ ಬಲ ಸಾಲದು' ಎಂಬ ತೀರ್ಪು ಬರುತ್ತದೆ. ಹನ್ನೆರಡು ವರ್ಷದ ಬಾಲಕಿಯೊಬ್ಬಳು ಆ ತೀರ್ಪನ್ನು ನಂಬಿದರೆ ಆಟವನ್ನೇ ಬಿಡುತ್ತಾಳೆ. ಅವಳಿಗೆ ಕೊರತೆಯಿರುವುದು ಬಲದಲ್ಲಿಯೋ ಕ್ರಮದಲ್ಲಿಯೋ ಎಂಬುದನ್ನು ಗುರುತಿಸುವುದು ಶಿಕ್ಷಕರ ಹೊಣೆ.

ಸಾಫ್ಟ್‌ಬಾಲ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಶಿಕಾಗೊ ನಗರದ ಒಂದು ಕ್ಲಬ್ಬಿನ ಒಳಾಂಗಣದಲ್ಲಿ. ಜಾರ್ಜ್ ಹ್ಯಾನ್ಕಾಕ್ ಎಂಬುವರು ಬಾಕ್ಸಿಂಗ್ ಕೈಗವಸನ್ನು ಸುತ್ತಿ ಕಟ್ಟಿ ಚೆಂಡನ್ನಾಗಿಸಿದರು. ಪೊರಕೆಯ ಹಿಡಿಯೇ ಬ್ಯಾಟಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ಪದಕದ ಆಟವಾಯಿತು. ಇಂದಿನ ಪ್ರಮಾಣಿತ ಚೆಂಡಿನ ಸುತ್ತಳತೆ 12 ಅಂಗುಲ. ಮಹಿಳೆಯರ ಆಟದಲ್ಲಿ ಚೆಂಡೆಸೆಯುವವಳಿಗೂ ಹೋಂ ಪ್ಲೇಟಿಗೂ ನಡುವಿನ ದೂರ 43 ಅಡಿ, ಅಂದರೆ ಸುಮಾರು 13 ಮೀಟರ್. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಈ ದೂರವನ್ನು ಸುಮಾರು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರೊಳಗೆ ನೋಡಿ, ನಿರ್ಧರಿಸಿ, ಬೀಸಬೇಕು. ಉದ್ದವಾದ ಸೂಚನೆಯನ್ನು ನೆನೆಯುವುದಕ್ಕೆ ಅಲ್ಲಿ ಸಮಯವಿಲ್ಲ.

ಬೀಸಿನ ಮೂಲತತ್ತ್ವ ಒಂದೇ: ಶಕ್ತಿ ನೆಲದಿಂದ ಮೇಲೇರುತ್ತದೆ. ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಎದೆ ಮತ್ತು ಭುಜ ಹಿಂಬಾಲಿಸುತ್ತವೆ, ತೋಳು ಅನಂತರ, ಬ್ಯಾಟು ಎಲ್ಲಕ್ಕಿಂತ ಕೊನೆಗೆ. ಕಾಲು ಮತ್ತು ಸೊಂಟದ ಸ್ನಾಯುಗಳು ದೊಡ್ಡವು. ಅವು ಹುಟ್ಟಿಸಿದ ವೇಗ ಹಗುರವಾದ ಅಂಗಗಳಿಗೆ ಒಂದೊಂದಾಗಿ ದಾಟಿ ಬ್ಯಾಟಿನ ತುದಿಯಲ್ಲಿ ಅತಿ ಹೆಚ್ಚಾಗುತ್ತದೆ. ಕೈ ಮೊದಲೇ ಹೊರಟರೆ ಈ ಸರಪಳಿ ಕಡಿಯುತ್ತದೆ.

ಇದನ್ನು ವಿವರಿಸಲು ಹೊರಗಿನ ಉದಾಹರಣೆ ಬೇಡ. 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ಹಿನ್ನೀರು ಕೊಳತ್ತೂರಿಗೆ ದೂರವಲ್ಲ. ಬೀಸುಬಲೆ ಎಸೆಯುವವನನ್ನು ಗಮನಿಸಿದ ಮಗುವಿಗೆ ವಿಷಯ ಅರ್ಧ ತಿಳಿದಂತೆಯೇ: ಅವನು ಕಾಲೂರಿ, ಸೊಂಟವನ್ನು ಹಿಂದಕ್ಕೆ ತಿರುಗಿಸಿ, ಮೈ ಮುಂದಕ್ಕೆ ತಿರುಗಿದ ಮೇಲೆಯೇ ಬಲೆಯನ್ನು ಕೈಬಿಡುತ್ತಾನೆ. ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯನ್ನೂ 'ಬೀಸುವುದು' ಎಂದೇ ಹೇಳುತ್ತಾರೆ. ಕನ್ನಡದ ಈ ಒಂದು ಕ್ರಿಯಾಪದದಲ್ಲಿ ಮೈಯೆಲ್ಲ ಸೇರಿ ಮಾಡುವ ಚಲನೆಯ ಅರ್ಥ ಅಡಗಿದೆ. 'ಹೊಡೆ' ಎಂದಾಗ ಮಗುವಿನ ಕೈ ಬಿಗಿಯುತ್ತದೆ; 'ಬೀಸು' ಎಂದಾಗ ಮೈ ಸಡಿಲಗೊಂಡು ತಿರುಗುತ್ತದೆ.

ಬಲಗೈ ಆಟಗಾರ್ತಿಗೆ ಐದು ಪದಗಳು ಸಾಕು. ಎಡಗೈಯವರಿಗೆ ದಿಕ್ಕನ್ನು ಬದಲಿಸಿಕೊಳ್ಳಬೇಕು.

ನಿಲ್ಲು: ಪಾದಗಳ ನಡುವಿನ ಅಂತರ ಭುಜದಗಲ ಅಥವಾ ತುಸು ಹೆಚ್ಚು, ಮೊಣಕಾಲು ಸ್ವಲ್ಪ ಬಾಗಿರಲಿ, ಭಾರ ಹಿಮ್ಮಡಿಯ ಮೇಲೆ ಬೀಳದಿರಲಿ. ಬ್ಯಾಟಿನ ಹಿಡಿ ಅಂಗೈಯಲ್ಲಿ ಹೂತಿರದೆ ಬೆರಳುಗಳಲ್ಲಿ ಇರಲಿ.

ತೂಗು: ಭಾರವನ್ನು ಹಿಂದಿನ ಬಲಗಾಲಿನತ್ತ ಮೆಲ್ಲಗೆ ತೂಗಿ, ಕೈಗಳನ್ನು ಹಿಂಭುಜದ ಬಳಿ ಇರಿಸಬೇಕು.

ಹೆಜ್ಜೆ: ಎಡಗಾಲು ಚೆಂಡೆಸೆಯುವವಳ ಕಡೆಗೆ ಗೇಣಿಗಿಂತ ಹೆಚ್ಚಲ್ಲದ ಹೆಜ್ಜೆಯಿಡಲಿ. ಆಗಲೂ ಕೈ ಹಿಂದೆಯೇ ಇರಬೇಕು.

ತಿರುಗು: ಹಿಂಗಾಲಿನ ಹಿಮ್ಮಡಿ ಮೇಲೆದ್ದು, ಹೊಕ್ಕುಳು ಚೆಂಡೆಸೆಯುವವಳನ್ನು ನೋಡುವಂತೆ ಸೊಂಟ ತಿರುಗಲಿ.

ಬೀಸು: ಬ್ಯಾಟು ಮೈಗೆ ಸಮೀಪದಿಂದ ಹೊರಟು ಮುಂಗಾಲಿನ ಆಸುಪಾಸಿನಲ್ಲಿ ಚೆಂಡನ್ನು ಸಂಧಿಸಲಿ. ಆ ಕ್ಷಣದಲ್ಲಿ ಮೇಲಿನ ಕೈಯ ಅಂಗೈ ಆಕಾಶಕ್ಕೂ ಕೆಳಗಿನ ಕೈಯ ಅಂಗೈ ನೆಲಕ್ಕೂ ಮುಖಮಾಡಿರುತ್ತದೆ. ಚೆಂಡು ತಾಗಿದ ಮೇಲೂ ಬೀಸು ನಿಲ್ಲಬಾರದು.

ತಪ್ಪುಗಳಲ್ಲಿ ನಾಲ್ಕು ಸಾಮಾನ್ಯ. ಮೊದಲನೆಯದು, ಕೈ ಮೈಯಿಂದ ದೂರ ಹೋಗಿ ಬೀಸಿನ ಸುತ್ತು ದೊಡ್ಡದಾಗುವುದು. ಬ್ಯಾಟು ತಡವಾಗಿ ಬರುತ್ತದೆ. ಎರಡನೆಯದು, ಕ್ರಿಕೆಟಿನ ಅಭ್ಯಾಸ. ಕ್ರಿಕೆಟಿನಲ್ಲಿ ನೆಲಕ್ಕೆ ಪುಟಿದ ಚೆಂಡನ್ನು ನೇರ ಬ್ಯಾಟಿನಿಂದ ಆಡಲು ಮಗು ಕಲಿತಿರುತ್ತದೆ. ಇಲ್ಲಿ ಚೆಂಡು ಪುಟಿಯದೆ ಮೊಣಕಾಲಿನಿಂದ ಎದೆಯವರೆಗಿನ ಎತ್ತರದಲ್ಲಿ ಬರುತ್ತದೆ. ಬ್ಯಾಟು ದುಂಡಗಿದ್ದು ಅಡ್ಡಲಾಗಿ ಬರಬೇಕು. ಮೂರನೆಯದು, ಮುಂಗಾಲು ಪಕ್ಕಕ್ಕೆ ಸರಿಯುವುದು. ಇದರ ಹಿಂದಿರುವುದು ಹೆಚ್ಚಾಗಿ ಚೆಂಡಿನ ಭಯ. ಗದರಿದರೆ ಭಯ ಹೆಚ್ಚುತ್ತದೆ. ಹೆಲ್ಮೆಟ್ ಕೊಟ್ಟು, ಬಟ್ಟೆಯ ಚೆಂಡಿನಿಂದ ಆರಂಭಿಸಿದರೆ ಕಾಲು ತಾನಾಗಿ ನೆಟ್ಟಗಾಗುತ್ತದೆ. ನಾಲ್ಕನೆಯದು, ಚೆಂಡು ಎಲ್ಲಿಗೆ ಹೋಯಿತೆಂದು ನೋಡುವ ಆತುರದಲ್ಲಿ ತಲೆಯನ್ನು ಬೇಗ ಎತ್ತುವುದು.

ಅಭ್ಯಾಸಕ್ಕೆ ದುಬಾರಿ ಸಾಧನಗಳು ಅಗತ್ಯವಲ್ಲ.

1. ಬ್ಯಾಟನ್ನು ಬೆನ್ನಹಿಂದೆ ಅಡ್ಡಲಾಗಿ ಮೊಣಕೈಗಳಲ್ಲಿ ಸಿಕ್ಕಿಸಿಕೊಂಡು 'ತೂಗು, ಹೆಜ್ಜೆ, ತಿರುಗು' ಎಂದು ಹೇಳುತ್ತ ತಿರುಗುವುದು. ಕೈಗೆ ಕೆಲಸವೇ ಇಲ್ಲದ್ದರಿಂದ ಸೊಂಟ ಕಲಿಯುತ್ತದೆ.

2. ಹಗ್ಗಕ್ಕೆ ಹಳೆಯ ಸೀರೆಯೊಂದನ್ನು ತೂಗುಹಾಕಿ, ಹೊಕ್ಕುಳಿನಿಂದ ಒಂದು ಬ್ಯಾಟಿನಷ್ಟು ದೂರದಲ್ಲಿ ಅದಕ್ಕೆ ಎದುರಾಗಿ ನಿಂತು, ಸೀರೆಗೆ ತಾಗದಂತೆ ಬೀಸುವುದು. ಕೈ ಹೊರಗೆ ಹೋದರೆ ಸೀರೆಯೇ ತಿಳಿಸುತ್ತದೆ.

3. ಮರಳು ತುಂಬಿದ ಬಕೆಟ್ಟಿನಲ್ಲಿ ಬಿದಿರನ್ನು ನೆಟ್ಟು, ಅದರ ತುದಿಗೆ ರಬ್ಬರ್ ಕೊಳವೆಯ ತುಂಡನ್ನು ಸಿಕ್ಕಿಸಿ, ಚೆಂಡನ್ನು ಸೊಂಟದೆತ್ತರದಲ್ಲಿ ಇರಿಸಿ ಬೀಸುವುದು. ಹತ್ತು ಬೀಸಿಗೊಮ್ಮೆ ವಿಶ್ರಾಂತಿ ಕೊಡಬೇಕು.

4. ಕೊನೆಯಲ್ಲಿ, ಬಲೆಯ ಮರೆಯಿಂದ ಪಕ್ಕದಲ್ಲಿ ಕುಳಿತವರು ಮೆಲ್ಲಗೆ ಎಸೆದ ಚೆಂಡನ್ನು ಆಡುವುದು.

ಬೀಸುವವಳ ಸುತ್ತ, ವಿಶೇಷವಾಗಿ ಹಿಂದೆ, ಯಾರೂ ನಿಲ್ಲದಂತೆ ನೆಲದ ಮೇಲೆ ಸುಣ್ಣದ ಗೆರೆ ಎಳೆದಿರಬೇಕು. ಬ್ಯಾಟು ಮಗುವಿಗೆ ಭಾರವಾಗಬಾರದು: ಒಂದೇ ಕೈಯಲ್ಲಿ ಚಾಚಿ ಹಿಡಿದಾಗ ಕೂಡಲೇ ತೋಳು ಇಳಿದರೆ ಇನ್ನೂ ಹಗುರವಾದುದನ್ನು ಕೊಡಬೇಕು.

ತಿದ್ದುವ ಮಾತು ಹೇಗಿರಬೇಕು? ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ದಾರಿ ತೋರುತ್ತವೆ. ಸ್ಕೀಯಿಂಗ್ ಚಲನೆಯನ್ನು ಕಲಿಸುವ ಯಂತ್ರದ ಮೇಲೆ, ತಮ್ಮ ಪಾದಗಳ ಕಡೆಗೆ ಗಮನವಿಟ್ಟವರಿಗಿಂತ ಯಂತ್ರದ ಚಕ್ರಗಳ ಮೇಲೆ ಬೀಳುವ ಒತ್ತಡದ ಕಡೆಗೆ ಗಮನವಿಟ್ಟವರು ಚೆನ್ನಾಗಿ ಕಲಿತರು. ಅಂಗಕ್ಕಿಂತ ಪರಿಣಾಮದ ಮೇಲೆ ಗಮನವಿರುವುದು ಲಾಭಕರ. 'ಮೊಣಕೈ ಮಡಿಸು, ಮಣಿಕಟ್ಟು ತಿರುಗಿಸು' ಎಂಬುದಕ್ಕಿಂತ 'ಚೆಂಡನ್ನು ಎರಡನೆಯ ಬೇಸಿನ ಮೇಲಿಂದ ಕಳಿಸು', 'ಸೀರೆಗೆ ತಾಗಿಸಬೇಡ' ಎಂಬ ಮಾತುಗಳು ಮಗುವಿಗೆ ಹೆಚ್ಚು ಉಪಯುಕ್ತ. ಇಂತಹ ಮಾತು ಮನೆಯ ಭಾಷೆಯಲ್ಲಿದ್ದರೆ ಚಿತ್ರ ಕೂಡಲೇ ಮೂಡುತ್ತದೆ. ಒಂದು ದಿನಕ್ಕೆ ಒಂದೇ ತಿದ್ದುಪಡಿ ಸಾಕು. ಮೂರು ತಪ್ಪುಗಳು ಕಂಡರೆ ಪಾದಕ್ಕೆ ಹತ್ತಿರವಾದುದನ್ನು ಮೊದಲು ತಿದ್ದಬೇಕು. ಕೆಳಗಿನದು ಸರಿಯಾದಾಗ ಮೇಲಿನದು ಅನೇಕ ವೇಳೆ ತಾನಾಗಿ ಸರಿಯಾಗುತ್ತದೆ.

ಪಂದ್ಯಕ್ಕೆ ಹೋಗುವ ಮಗುವಿಗೆ ಇಂಗ್ಲಿಷ್ ಪದಗಳೂ ತಮಿಳಿನ ಸೂಚನೆಗಳೂ ತಿಳಿದಿರಬೇಕೆಂಬುದು ನಿಜ. ಮೈ ಕಲಿತ ಮೇಲೆ ಆ ಪದಗಳನ್ನು ಜೋಡಿಸುವುದು ಸುಲಭ: 'ತೂಗು' ಎಂಬುದೇ 'ಲೋಡ್' ಎಂದರೆ ಮಗು ಮರೆಯುವುದಿಲ್ಲ.

ಶಿಕ್ಷಕ ಬಂಧುಗಳು ಮುಂದಿನ ನಾಲ್ಕು ವಾರ ಒಂದು ಕೆಲಸವನ್ನು ಕೈಗೊಳ್ಳಬಹುದು. ಚೆಂಡು ದೂರ ಕಳಿಸಲಾರಳೆಂದು ತಂಡದ ಹೊರಗೆ ಉಳಿದಿರುವ ಒಬ್ಬ ವಿದ್ಯಾರ್ಥಿನಿಯನ್ನು ಆರಿಸಿ, ಅವಳ ಬೀಸನ್ನು ಪಕ್ಕದಿಂದ ಗಮನಿಸಿ, ಮೊದಲು ಚಲಿಸಿದ್ದು ಪಾದವೋ ಕೈಯೋ ಎಂದು ವಾರಕ್ಕೊಮ್ಮೆ ಬರೆದಿಡಿರಿ. ನಾಲ್ಕನೆಯ ವಾರದಲ್ಲಿ ಆ ಬರಹವನ್ನು ಅವಳಿಗೇ ಓದಿ ಹೇಳಿರಿ. ತಂಡದ ಆಯ್ಕೆ ಅದರ ನಂತರ ನಡೆಯಲಿ.