ನೈಸ್ ಎಂಬ ಮಾತು
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಹತ್ತಿರ ಬಂತು, ಭಾಷೆಯನ್ನು ಕುರಿತು ನಾಲ್ಕು ಮಾತನಾಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾನು ಹೊತ್ತು ತಂದಿರುವುದು ಒಂದು ಇಂಗ್ಲಿಷ್ ಪದವನ್ನು. ಕೋಪಿಸಿಕೊಳ್ಳಬೇಡಿ. ಅದು 'ನೈಸ್' ಎಂಬ ಪದ. ಅದು ಇಂಗ್ಲಿಷಿನದೋ ಕನ್ನಡದ್ದೋ ಎಂಬ ಮೊಕದ್ದಮೆ ನಮ್ಮ ಮನೆಯಲ್ಲಿ ನಡೆದುಹೋಗಿದೆ. ಅದರಲ್ಲಿ ನಾನೂ ಒಬ್ಬ ಅಪರಾಧಿ.

ನಮ್ಮ ತಾಯಿ ಹಾಸನದ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ಮುಂಬಯಿಗೆ ಬಂದು ನಮ್ಮ ಜೊತೆಯಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮಗಳ ಜೊತೆ ಅವಳ ಶಾಲೆಯ ಗೆಳತಿಯರು ಮೂರು ಮಂದಿ ಮನೆಗೆ ಬಂದರು. ಅಮ್ಮನಿಗೆ ಸಂಭ್ರಮ. ಅಡಿಗೆಮನೆಯ ಬಾಗಿಲಿಗೆ ಬಂದು, ತಮಗೆ ಬರುವ ಹರಕುಮುರುಕು ಹಿಂದಿಯಲ್ಲಿ, ಹಿಟ್ಟು ಇನ್ನೂ ನೈಸ್ ಆಗಿಲ್ಲ, ನೈಸ್ ಆದ ಕೂಡಲೇ ದೋಸೆ ಹುಯ್ದು ಕೊಡುತ್ತೇನೆ ಎಂದರು. ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ಹಿಟ್ಟು ಚೆನ್ನಾಗಿಲ್ಲವಂತೆ, ಆದರೂ ದೋಸೆ ಕೊಡುತ್ತಾರಂತೆ! ನನ್ನ ಮಗಳಿಗೆ ನಾಚಿಕೆಯಾಯಿತು. "ಅಜ್ಜಿ, ನೈಸ್ ಅಂದ್ರೆ ಹಾಗಲ್ಲ. ಗೊತ್ತಿಲ್ಲದ ಇಂಗ್ಲಿಷ್ ಯಾಕೆ ಮಾತಾಡ್ತೀಯ?" ಎಂದಳು. ಪತ್ರಿಕೆ ಓದುತ್ತ ಕುಳಿತಿದ್ದ ನಾನೂ ನಕ್ಕೆ.

ದೋಸೆಯೇನೋ ಬಂತು. ಆದರೆ ಅಂದಿನಿಂದ ಮಗಳ ಗೆಳತಿಯರು ಬಂದರೆ ಅಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳತೊಡಗಿದರು. ಮೊದಲು ನನಗೆ ತಿಳಿಯಲಿಲ್ಲ. ಹೆಂಡತಿ ಒಂದು ದಿನ, "ಅತ್ತೆ ಮಾತಾಡೋದನ್ನೇ ಬಿಟ್ಟಿದ್ದಾರೆ, ಗಮನಿಸಿದಿರಾ?" ಎಂದು ಕೇಳಿದಾಗ ತಿಳಿಯಿತು. ಪರಿಹಾರವೇನೆಂದು ತೋಚಲಿಲ್ಲ. ಓದುಬರಹದವನ ಅಭ್ಯಾಸದಂತೆ ನಿಘಂಟು ತೆರೆದೆ.

ತೆರೆದರೆ ಒಂದು ವಿನೋದ ಕಾದಿತ್ತು. ಈ ಪದದ ಬೇರು ಲ್ಯಾಟಿನ್ನಿನ 'ನೆಸ್ಕಿಯಸ್'. ಅದರ ಅರ್ಥ 'ಏನೂ ತಿಳಿಯದವನು'. ಅದು ಫ್ರೆಂಚರ ಬಾಯಲ್ಲಿ 'ನೈಸ್' ಆಗಿ, ದಡ್ಡ, ಮಂಕ ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಬಂತು. 14ನೆಯ ಶತಮಾನದಲ್ಲಿ ಚಾಸರ್ ಕವಿ ಇದನ್ನು ಹಾಗೆಯೇ ಬಳಸಿದ್ದಾನೆ. ಆಗ ಯಾರನ್ನಾದರೂ ನೈಸ್ ಎಂದಿದ್ದರೆ ಕೈ ಕೈ ಮಿಲಾಯಿಸುತ್ತಿತ್ತು. ಅಜ್ಜಿಗೆ ಗೊತ್ತಿಲ್ಲ ಎಂದು ಮೊಮ್ಮಗಳು ಯಾವ ಪದಕ್ಕಾಗಿ ನಕ್ಕಳೋ ಆ ಪದಕ್ಕೇ 'ಗೊತ್ತಿಲ್ಲದವನು' ಎಂಬುದು ಹುಟ್ಟುಹೆಸರು!

ಅಲ್ಲಿಂದ ಮುಂದೆ ಈ ಪದ ಹಾಕಿದ ವೇಷಗಳನ್ನು ನೋಡಿದರೆ ನಮ್ಮ ಬಯಲಾಟದವರೂ ಬೆರಗಾಗಬೇಕು. ಒಂದು ಕಾಲಕ್ಕೆ ಸೋಮಾರಿ ಎಂದಾಯಿತು, ಇನ್ನೊಂದು ಕಾಲಕ್ಕೆ ಥಳುಕಿನವನು ಎಂದಾಯಿತು. ಆಮೇಲೆ ಊಟ ಉಡಿಗೆಗಳಲ್ಲಿ ಇದು ಬೇಡ ಅದು ಬೇಡ ಎಂದು ಮೂಗು ಮುರಿಯುವವನಿಗೆ ಅಂಟಿಕೊಂಡಿತು. ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ನಾಟಕದಲ್ಲಿ ರೋಮಿಯೋವಿಗೆ ಬರೆದ ಕಾಗದ ಮುಟ್ಟದೆ ಉಳಿಯುತ್ತದೆ. ಅದು ಕ್ಷುಲ್ಲಕ ವಿಷಯದ ಕಾಗದವಲ್ಲ ಎಂದು ಗಾಬರಿಯಾದ ಪಾದ್ರಿ ಹೇಳುವಾಗ, ಕ್ಷುಲ್ಲಕ ಎಂಬುದಕ್ಕೆ ಅವನು ಬಳಸುವ ಪದ ಇದೇ. ಇಂದಿನ ಮಕ್ಕಳು ಅದನ್ನು ಓದಿ, ಕಾಗದ ಚೆನ್ನಾಗಿರಲಿಲ್ಲವೆಂದು ತಿಳಿದುಕೊಂಡರೆ ಅವರ ತಪ್ಪೇನು?

ಮೂಗು ಮುರಿಯುವವನಿಗೆ ಕಣ್ಣು ಬಹಳ ಚುರುಕು. ಕೂದಲೆಳೆಯ ವ್ಯತ್ಯಾಸವೂ ಅವನಿಗೆ ಕಾಣುತ್ತದೆ. ಹೀಗಾಗಿ 16ನೆಯ ಶತಮಾನದ ಹೊತ್ತಿಗೆ ನೈಸ್ ಎಂದರೆ ಸೂಕ್ಷ್ಮ, ನವಿರು, ಬಲು ಸಣ್ಣ ಎಂಬ ಅರ್ಥಗಳೂ ಬಂದವು. ಇಂದಿಗೂ ಇಂಗ್ಲಿಷ್ ಬಲ್ಲವರು ಸೂಕ್ಷ್ಮವಾದ ಭೇದವೊಂದನ್ನು ನೈಸ್ ಭೇದ ಎನ್ನುತ್ತಾರೆ. ಈ ಸಾಲು ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಬಲು ಸಣ್ಣ! ನಮ್ಮಮ್ಮ ಹಿಟ್ಟಿಗೆ ಹೇಳಿದ್ದು ಅದನ್ನೇ ಅಲ್ಲವೆ?

ಹಿತವಾದದ್ದು, ಚೆನ್ನಾದದ್ದು ಎಂಬ ಇಂದಿನ ಅರ್ಥ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ಬಂದದ್ದೇ ತಡ, ಎಲ್ಲವೂ ನೈಸ್ ಆಯಿತು. ಜೇನ್ ಆಸ್ಟಿನ್ನಳ 'ನಾರ್ದಾಂಗರ್ ಆ್ಯಬಿ' ಕಾದಂಬರಿಯಲ್ಲಿ ನಾಯಕ ಇದಕ್ಕಾಗಿಯೇ ನಾಯಕಿಯನ್ನು ಛೇಡಿಸುತ್ತಾನೆ. ಪುಸ್ತಕ, ದಿನ, ತಿರುಗಾಟ, ಹೆಣ್ಣುಮಕ್ಕಳು, ಎಲ್ಲಕ್ಕೂ ಒಂದೇ ಮಾತೇ ಎಂಬುದು ಅವನ ದೂರು. 1926ರಲ್ಲಿ ಇಂಗ್ಲಿಷ್ ಪ್ರಯೋಗಗಳ ಕೋಶ ಬರೆದ ಫೌಲರ್ ಮಹಾಶಯನಂತೂ, ಹೆಂಗಸರ ಅತಿಯಾದ ಅಕ್ಕರೆಯಿಂದ ಈ ಪದದ ಸತ್ವವೇ ಹೋಯಿತೆಂದು ಗೊಣಗಿದ. ಗಂಡಸರೇನು ಕಡಿಮೆ ಬಳಸಿದರೆ? ಅದನ್ನು ಅವನು ಲೆಕ್ಕ ಹಾಕಿದಂತೆ ಕಾಣೆ.

ಬೀದಿಯ ಮಾತಿಗೆ ಇಳಿದರೆ ಈ ಪದದ ಚೇಷ್ಟೆ ಇನ್ನೂ ಹೆಚ್ಚು. ಕೆಲಸ ಕೆಟ್ಟು ಕೆರ ಹಿಡಿದಾಗ 'ನೈಸ್ ಗೊಂದಲ' ಎಂದು ಕುಹಕವಾಡುತ್ತಾರೆ. 'ನೈಸ್ ಅಂಡ್ ಹಾಟ್' ಎಂದರೆ ಹದವಾಗಿ, ಚೆನ್ನಾಗಿ ಬಿಸಿಯಾಗಿದೆ ಎಂದು. ಗೆದ್ದ ಗೆಳೆಯನಿಗೆ 'ನೈಸ್ ಒನ್' ಎಂಬುದು ಶಾಭಾಸ್‌ಗಿರಿ. ಅದನ್ನೇ ಎಡವಿ ಬಿದ್ದವನಿಗೆ ಹೇಳಿದರೆ ಅಪಹಾಸ್ಯ. ಈಗಿನ ಯುವಕ ಯುವತಿಯರಲ್ಲಿ 'ನೈಸ್ ಗೈ' ಎಂಬುದು ಬೈಗುಳಕ್ಕೂ ಸಲ್ಲುತ್ತದೆ: ನಾನು ಒಳ್ಳೆಯವನು, ಒಳ್ಳೆಯವನು ಎಂದು ತಾನೇ ಸಾರಿಕೊಂಡು, ಹುಡುಗಿ ಒಲಿಯದಿದ್ದರೆ ಸಿಡುಕುವವನು ಎಂದರ್ಥ. ಅಮೆರಿಕದವರಲ್ಲಿ 'ಮೇಕ್ ನೈಸ್' ಎಂಬ ಮಾತುಂಟು. ಮನಸ್ಸಿನಲ್ಲಿ ಏನೇ ಇರಲಿ, ಮೇಲೆ ಮೇಲೆ ಸವಿಯಾಗಿ ನಡೆದುಕೊಳ್ಳುವುದು.

ಇದನ್ನು ಕೇಳಿ ಮೈಸೂರು ಸೀಮೆಯವರು ಮುಗುಳುನಗುತ್ತಿದ್ದೀರಿ. 'ಮೇಕ್ ನೈಸ್' ಎಂದರೆ ಅಕ್ಷರಶಃ ನಮ್ಮ 'ನೈಸ್ ಮಾಡು'! ಬೇಕಾದ ಕಡೆ ಬೆಣ್ಣೆ ಹಚ್ಚುವುದು, ನಮ್ಮ ಮುಂಬಯಿಯ ಮಾತಿನಲ್ಲಿ ಮಸ್ಕಾ ಹೊಡೆಯುವುದು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದೆಯೇ ಇಬ್ಬರೂ ಒಂದೇ ಜಾಗಕ್ಕೆ ಬಂದು ನಿಂತಂತಿದೆ.

ನಮ್ಮವರು ಈ ಪದಕ್ಕೆ ಕೊಟ್ಟ ಕೆಲಸ ಒಂದೆರಡಲ್ಲ. ಗಿರಣಿಯವನು "ನೈಸ್ ಬೇಕೋ, ತರಿ ಬೇಕೋ?" ಎನ್ನುತ್ತಾನೆ. ಒದ್ದೆಯಾದ ಬಚ್ಚಲ ಕಲ್ಲು ನೈಸಾಗಿದೆ, ಜಾರೀತು, ಜೋಕೆ. ಸಾಲ ಕೇಳಲು ಹೋದವನು ನೈಸಾಗಿ ಮಾತು ತೆಗೆಯುತ್ತಾನೆ; ಕೊಡಬೇಕಾದವನು ನೈಸಾಗಿ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಾನೆ. ಮುಟ್ಟಿದರೆ ನುಣುಪು, ಆಡಿದರೆ ಸವಿ, ನಡೆದರೆ ಸದ್ದಿಲ್ಲ. ಇದು ಹೇಗೆ ಬಂತು? ನನ್ನ ಊಹೆ ಹೀಗಿದೆ. ಕನ್ನಡದಲ್ಲಿ 'ನಯ' ಎಂಬ ಪದ ಮೊದಲೇ ಇತ್ತು. ನಯವಾದ ಹಿಟ್ಟು, ನಯವಾದ ಮಾತು, ನಯವಂಚಕ, ಮೂರೂ ಅದರ ಮಕ್ಕಳೇ. ಪರದೇಶದಿಂದ ಬಂದ ನೈಸ್ ಈ ನಯದ ಮಣೆಯ ಮೇಲೆ ಕುಳಿತು ಮನೆಯವನೇ ಆಗಿಬಿಟ್ಟಿತು. ಮಾಟುಂಗದಲ್ಲಿರುವ ನಮ್ಮ ತಮಿಳು ಸ್ನೇಹಿತರ ಮನೆಯಲ್ಲೂ ಹಿಟ್ಟು ನೈಸಾಗಿಯೇ ಅರೆಯುತ್ತದೆ. ಅವರಲ್ಲೂ 'ನಯ' ಇದೆಯಷ್ಟೆ. ಧಾರವಾಡದ ಬಾಂಧವರು "ನಾವು ಸಣ್ಣಗ ಬೀಸತೇವ್ರಿ" ಎಂದಾರು, ಮಂಗಳೂರಿನವರು ನುಣ್ಣಗೆ ಕಡೆಯುತ್ತೇವೆ ಎಂದಾರು. ಆಗಲಿ. ಆ ಮಾತುಗಳು ಇನ್ನೂ ಸೊಗಸು, ಒಪ್ಪಿದೆ.

ನಡುವೆ ಬೆಂಗಳೂರಿನವರು ಇನ್ನೊಂದು ತೊಡಕು ತಂದಿಟ್ಟಿದ್ದಾರೆ. ನಂದಿಯ ಹೆಸರಿನ ಕಂಪನಿಯ ಮೊದಲಕ್ಷರಗಳು ಕೂಡಿ 'ನೈಸ್ ರಸ್ತೆ' ಆಗಿದೆ. "ನೈಸ್ ರೋಡಲ್ಲಿ ಬಂದ್ವಿ" ಎಂದು ಭಾವಮೈದುನ ಹೇಳಿದರೆ ನನ್ನ ಮಗಳು, "ಅಷ್ಟು ಚೆನ್ನಾಗಿತ್ತಾ ಮಾವ?" ಎಂದಳು. ಇನ್ನು ಸಕ್ಕರೆ ಉದುರಿಸಿದ ನೈಸ್ ಬಿಸ್ಕತ್ತಿನ ಹೆಸರು ಫ್ರಾನ್ಸಿನ ಊರಿನಂತೆ 'ನೀಸ್' ಎಂದೋ 'ನೈಸ್' ಎಂದೋ ಎಂಬ ಜಗಳ ಇಂಗ್ಲೆಂಡಿನಲ್ಲಿಯೇ ಮುಗಿದಿಲ್ಲ. ಅಮ್ಮ ಅದನ್ನು ಕಾಫಿಗೆ ಅದ್ದಿ ತಿನ್ನುತ್ತಾರೆ, ಜಗಳಕ್ಕೆ ಹೋಗುವುದಿಲ್ಲ.

ಇದೆಲ್ಲವನ್ನೂ ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ಹೇಳಿದೆ. ಚಾಸರನ ದಡ್ಡನಿಗೆ ನಕ್ಕಳು. ಪಾದ್ರಿಯ ಕಾಗದಕ್ಕೂ ನಕ್ಕಳು. ಹಿಟ್ಟಿನ ಮಾತಿಗೆ ಬಂದಾಗ ಸುಮ್ಮನಾದಳು. ನಾನೂ ಅಂದು ನಕ್ಕಿದ್ದೆನೆಂಬುದನ್ನು ಅವಳು ನೆನಪಿಸಲಿಲ್ಲ. ಅದು ಅವಳ ದೊಡ್ಡತನ. ಎದ್ದು ಅಡಿಗೆಮನೆಗೆ ಹೋದಳು. ಒಳಗೆ ಏನು ಮಾತಾಯಿತೋ ನನಗೆ ಕೇಳಿಸಲಿಲ್ಲ, ಗ್ರೈಂಡರಿನ ಸದ್ದು ಅಡ್ಡವಾಗಿತ್ತು.

ಅಮ್ಮ ಬಾಗಿಲು ಮುಂದೆ ಮಾಡಿಕೊಳ್ಳುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಎರಡು ಮೂರು ತಿಂಗಳು ಹಿಡಿಯಿತು. ಮಗಳು ಈಗ ಪುಣೆಯಲ್ಲಿ ಓದುತ್ತಿದ್ದಾಳೆ. ನಾಲ್ವರು ಹುಡುಗಿಯರು ಸೇರಿ ಅಡಿಗೆ ಮಾಡಿಕೊಳ್ಳುತ್ತಾರೆ. ಕಳೆದ ವಾರ ರಾತ್ರಿ ಹತ್ತು ಗಂಟೆಗೆ ಫೋನು ಬಂತು. ನನ್ನನ್ನು ಕೇಳಲಿಲ್ಲ. "ಅಜ್ಜೀಗೆ ಕೊಡಿ ಅಪ್ಪ" ಎಂದಳು. ಅಮ್ಮ ಕನ್ನಡಕ ಹುಡುಕಿಕೊಂಡು ಬಂದು, ಫೋನನ್ನು ಕಿವಿಗೆ ಹಿಡಿದು, ಸ್ವಲ್ಪ ಹೊತ್ತು ಕೇಳಿ, "ನೈಸಾಗದೆ ಏನಮ್ಮ? ಉದ್ದು ಎಷ್ಟು ಹೊತ್ತು ನೆನೆಹಾಕಿದ್ದೆ, ಅದನ್ನು ಮೊದಲು ಹೇಳು" ಎಂದರು.