ವಿದ್ಯಾರ್ಥಿಗಳ ಕಲಾಯಾತ್ರೆ



ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಮರದ ಹುಲಿಯೊಂದುಂಟು. ಕೆಳಗೆ ಬಿದ್ದ ಐರೋಪ್ಯನ ಮೇಲೆ ಅದು ಎರಗಿದೆ. ಅದರ ಒಡಲಿನಲ್ಲಿ ಪುಟ್ಟ ಆರ್ಗನ್ ವಾದ್ಯವೊಂದು ಅಡಗಿದೆ. ಟೀಪು ಸುಲ್ತಾನನ ಈ ಹುಲಿ 1799ರಲ್ಲಿ ಶ್ರೀರಂಗಪಟ್ಟಣವು ಶತ್ರುವಶವಾದ ಮೇಲೆ ಇಂಗ್ಲೆಂಡನ್ನು ಸೇರಿತು. ಕಾಗದ, ಪೆನ್ಸಿಲುಗಳನ್ನು ಹಿಡಿದು ಇಂತಹ ಸಂಗ್ರಹಾಲಯಗಳಿಗೆ ಹೋಗುವುದು ಆ ನಗರದ ಶಾಲಾಬಾಲಕರಿಗೆ ವಾಡಿಕೆಯಾದ ಸಂಗತಿ. ಅಲ್ಲಿನ ಶಾಶ್ವತ ಸಂಗ್ರಹವನ್ನು ನೋಡುವುದಕ್ಕೆ ಹಣ ತೆರಬೇಕಾಗಿಲ್ಲ. ಬಲ್ಲ ಉಪಾಧ್ಯಾಯರು ಎಲ್ಲವನ್ನೂ ತೋರಿಸುವ ಗೋಜಿಗೆ ಹೋಗದೆ, ಒಂದೆರಡು ವಸ್ತುಗಳ ಮುಂದೆ ಮಕ್ಕಳನ್ನು ಕುಳ್ಳಿರಿಸಿ, ಕಂಡುದನ್ನು ಬರೆಯಿರೆನ್ನುತ್ತಾರೆ. ಬರೆಯಹೊರಟ ಕೈ, ಕಣ್ಣನ್ನು ಅವಸರಪಡಲು ಬಿಡುವುದಿಲ್ಲ. ಕಲಾಯಾತ್ರೆಯ ಮರ್ಮವೆಲ್ಲ ಇಷ್ಟೆ.

ನಮ್ಮ ಪ್ರವಾಸಗಳ ರೀತಿ ಬೇರೆ. ಬೆಳಗಿನಲ್ಲಿ ಹೊರಟು, ಹಗಲೊಂದರಲ್ಲಿ ಏಳೆಂಟು ಸ್ಥಳಗಳನ್ನು ಮುಗಿಸಿ, ಛಾಯಾಚಿತ್ರಗಳನ್ನು ತೆಗೆದುಕೊಂಡು ಇರುಳಿಗೆ ಹಿಂದಿರುಗುವುದು. ಮರುದಿನ ಏನನ್ನು ಕಂಡೆಯೆಂದು ಕೇಳಿದರೆ, ಹುಡುಗನು ಊರುಗಳ ಹೆಸರನ್ನು ಹೇಳಿಯಾನೇ ಹೊರತು ಒಂದು ಕಂಬದ ಆಕಾರವನ್ನು ಹೇಳಲಾರನು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಕ್ಕಳಿಗೆ ಲಂಡನ್ ದೂರವಾದರೂ ಕಲೆಯು ದೂರವಿಲ್ಲ. ಸಾಗರಕ್ಕೆ ಸಮೀಪದ ಇಕ್ಕೇರಿಯನ್ನೇ ನೋಡಿರಿ. ಅಘೋರೇಶ್ವರ ದೇವಾಲಯದ ಎತ್ತರವನ್ನೂ ನಂದಿಯ ಗಾತ್ರವನ್ನೂ ಎಲ್ಲರೂ ಕಾಣುತ್ತಾರೆ. ಆದರೆ ಗರ್ಭಗುಡಿಯ ಮುಂದಿನ ನೆಲಗಲ್ಲಿನಲ್ಲಿ ಕೆಳದಿಯ ನಾಯಕರು ಮೂವರು ಸಾಷ್ಟಾಂಗವೆರಗಿದಂತೆ ಕೆತ್ತಿರುವುದನ್ನು ಎಷ್ಟು ಮಂದಿ ಕಂಡಿದ್ದಾರೆ? ಅವರಲ್ಲೊಬ್ಬನ ಕೈಕಾಲುಗಳಿಗೆ ಸಂಕೋಲೆಯುಂಟು. ರಾಜ್ಯವಾಳಿದವರು ತಮ್ಮನ್ನು ಭಕ್ತರ ಪಾದದ ಕೆಳಗೆ ಏಕೆ ಇರಿಸಿಕೊಂಡರು, ಸಂಕೋಲೆಯೇಕೆ ಎಂಬ ಪ್ರಶ್ನೆಗಳು ನಿಂತು ನೋಡಿದ ಹುಡುಗನಲ್ಲಿ ತಾವಾಗಿಯೇ ಹುಟ್ಟುತ್ತವೆ. ಪುಸ್ತಕದ ಚರಿತ್ರೆಗೆ ಜೀವ ಬರುವುದು ಆಗಲೇ.

ಕೆಳದಿಯಲ್ಲಿ ವೀರಭದ್ರ ದೇವಾಲಯದ ಮೇಲ್ಛಾವಣಿಯ ಗಂಡಭೇರುಂಡವುಂಟು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಗ್ರಂಥಗಳುಂಟು. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯೂ ಅದರ ಮುಂದೆ ಮಾನಸ್ತಂಭವೂ ಇವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರು ಬೆಳೆದ ಮನೆಯನ್ನೇ ಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಮಲೆನಾಡಿನ ತೊಟ್ಟಿಮನೆಯ ಮರಗೆಲಸವು ಎಂತಹುದೆಂಬುದನ್ನು ಅಲ್ಲಿ ಕಾಣಬಹುದು. ಒಂದು ಯಾತ್ರೆಗೆ ಇವುಗಳಲ್ಲಿ ಒಂದು ಸ್ಥಳವೇ ಸಾಕು.

ಇವೆಲ್ಲ ಕಲ್ಲು ಮರಗಳಲ್ಲಿ ನಿಂತವು; ನಾಳೆಯೂ ನೋಡಬಹುದು. ನಾಳೆಗೆ ಉಳಿಯದ ಕಲೆಯೊಂದುಂಟು. ಅದೇ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ. ಮದುವೆಯ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ, ಎಳೆಯೆಳೆಯಾಗಿ ಗೆರೆಗಳನ್ನು ಎಳೆಯುತ್ತಾರೆ. ಗೋಡೆಯನ್ನು ಮತ್ತೆ ಸಾರಿಸಿದಾಗ ಚಿತ್ತಾರವು ಅಳಿಯುತ್ತದೆ. ಮುಂದಿನ ಮದುವೆಗೆ ಮತ್ತೊಂದು. ಅದು ಉಳಿದುಬಂದುದು ಗೋಡೆಯಲ್ಲಲ್ಲ, ತಾಯಿಯಿಂದ ಮಗಳ ಕೈಗೆ. ಮಣ್ಣಿನ ಗೋಡೆಗಳು ಹೋಗಿ ಸಿಮೆಂಟಿನವು ಬಂದಂತೆ ಅದಕ್ಕೆ ನೆಲೆ ತಪ್ಪಿದೆ. ಈಗ ಕಾಗದ, ಬಟ್ಟೆಗಳ ಮೇಲೆಯೂ ಬರೆಯುತ್ತಿರುವುದು ಸಮಾಧಾನದ ವಿಷಯವಾದರೂ, ಕಲಿಯುವ ಕೈಗಳಿಲ್ಲದೆ ಹೋದರೆ ಯಾವ ಸಂಗ್ರಹಾಲಯವೂ ಅದನ್ನು ಉಳಿಸಲಾರದು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಚಿತ್ತಾರ ಬರೆಯುವ ತಾಯಿಯೊಬ್ಬಳ ಮನೆಗೆ ಕರೆದೊಯ್ಯಿರಿ. ಮೊದಲು ಅಪ್ಪಣೆ ಕೇಳಿರಿ. ಅವಳನ್ನು ಗುರುವೆಂದು ಗೌರವಿಸಿರಿ. ಆಕೆಯ ಕೈ ಹೇಗೆ ಓಡುವುದೆಂಬುದನ್ನು ಮಕ್ಕಳು ನೋಡಲಿ. ಬಳಿಕ ತಾವೂ ಒಂದು ಗೆರೆ ಎಳೆಯಲಿ. ನೆಟ್ಟಗೆ ಬಾರದ ಆ ಗೆರೆಯೇ ಅವರಿಗೆ ಕಲೆಯ ಬೆಲೆಯನ್ನು ತಿಳಿಸುತ್ತದೆ.

ಹೀಗೆ ನೋಡುವುದನ್ನು ಕಲಿತ ಹುಡುಗಿ ಮುಂದೊಂದು ದಿನ ಲಂಡನ್ನಿಗೆ ಹೋದರೂ ಹೋದಾಳು. ಅಂದು ಆ ಮರದ ಹುಲಿಯ ಮುಂದೆ ಅವಳು ಒಂದು ಚಿತ್ರ ತೆಗೆದುಕೊಂಡು ಮುಂದೆ ಸಾಗಲಾರಳು. ನಿಲ್ಲುತ್ತಾಳೆ, ಇದನ್ನು ಮಾಡಿದ ಕೈ ಯಾವುದೆಂದು ಕೇಳುತ್ತಾಳೆ.